ಒಂದು ಕೈ ಕಮ್ಮಿ

ತಲಘಟ್ಟಪುರದಲ್ಲಿದ್ದುಕೊಂಡು ವ್ಯಾಯಾಮಕ್ಕೆ ಜಾಗವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಪಕ್ಕದಲ್ಲೇ ತುರಹಳ್ಳಿ ಕಾಡು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ, ಕಾಡು ಕಾಡಾಗಿಯೇ ಇರಲಿ ಎಂದು ಜನ ಹಟ ಹಿಡಿದು ಉಳಿಸಿಕೊಂಡರು. ಭಾನುವಾರ ಬೆಳಿಗ್ಗೆ ದಪ್ಪನೆಯ ಮ್ಯಾಟ್ ಬೆನ್ನಿಗೆ ಹೊತ್ತ ಹುಡುಗ ಹುಡುಗಿಯರು ಅಂಗೈಗೆ ಬಿಳಿ ಪುಡಿ ಬಳಿದುಕೊಂಡು ಅಲ್ಲಿನ ಬಂಡೆ ಹತ್ತುತ್ತಾರೆ. ಅದೇ ವರ್ಷದ ಸಂಕ್ರಾಂತಿಗೆ ಮೆಟ್ರೊ ಬಂದ ಮೇಲೆ ಹತ್ತಲು ಮೆಟ್ಟಿಲೂ ಆಯಿತು. ಎಸ್ಕಲೇಟರ್ ಪಕ್ಕದಲ್ಲೇ ಇದೆ ಎನ್ನುವುದು ಬೇರೆ ಮಾತು.

ನಾನು ವಾಕಿಂಗ್ ಮಾಡಿದ್ದೇನೆ, ಜಿಮ್ಮಿಗೂ ದುಡ್ಡು ಕಟ್ಟಿದ್ದೇನೆ. ವಾಕಿಂಗಿಗೆ ಒಬ್ಬರು ಸಾಕು. ಅದರ ತೊಂದರೆಯೇ ಅದು. ನಾನು ಹೋಗದಿದ್ದರೆ ರಸ್ತೆಗೇನೂ ನಷ್ಟವಿಲ್ಲ. ವರ್ಷದ ಫೀಸನ್ನು ಒಟ್ಟಿಗೇ ಕಟ್ಟಿಸಿಕೊಂಡ ಜಿಮ್ಮಿಗಂತೂ ನಾನು ಬಾರದಿರುವುದೇ ಲಾಭ.

ಕಡೆಗೆ ಕೈಹಿಡಿದದ್ದು ನಮ್ಮ ಬೀದಿಯ ಖಾಲಿ ಸೈಟು. ಎರಡು ಸರ್ವೆ ಕಂಬ, ನಡುವೆ ನೆಟ್ಟು, ಸುಣ್ಣದ ಗೆರೆ. ಬೆಳಿಗ್ಗೆ ಆರಕ್ಕೆ ಶಟ್ಲ್ ಡಬಲ್ಸ್ ಶುರು. ಆರೂ ಐದಕ್ಕೆ ನಾನು ಕಾಣದಿದ್ದರೆ ಫೋನು ಬರುತ್ತದೆ: "ಸಾರ್, ಒಂದು ಕೈ ಕಮ್ಮಿ ಇದೆ. ಎದ್ದಿದ್ದೀರೋ ಇಲ್ವೋ?" ಡಾಕ್ಟರು ಹೇಳಿದಾಗ ಏಳದವನು ಈ ಮಾತಿಗೆ ಏಳುತ್ತೇನೆ.

ನಮ್ಮ ಪೈಕಿ ಬ್ಯಾಂಕಿನಿಂದ ರಿಟೈರ್ ಆದ ರಾಯರದು ಶಿಸ್ತಿನ ಆಟ. ಹದಿನಾರು ಗರಿಯ ಕಾಕನ್ನು ಅವರು ಹಿಂದಿನ ರಾತ್ರಿಯೇ ಕುದಿಯುವ ನೀರಿನ ಹಬೆಗೆ ಹಿಡಿದಿಟ್ಟಿರುತ್ತಾರೆ. ಒಣಗಿದ ಗರಿ ಬೇಗ ಮುರಿಯುತ್ತದಂತೆ. ಒಂದು ಗರಿ ಮುರಿದರೂ ಕಾಕ್ ಒದ್ದಾಡುತ್ತಾ ಎಲ್ಲೋ ಹೋಗಿ ಬೀಳುತ್ತದೆ. ಐದು ಗ್ರಾಮಿನ ಆ ವಸ್ತುವಿಗೆ ಆಷಾಢದ ಗಾಳಿ ಎಂದರೆ ಆಗದು. ಆಗ ಪ್ಲಾಸ್ಟಿಕ್ ಕಾಕ್ ಹೊರಬರುತ್ತದೆ, ರಾಯರ ಮುಖ ಸಣ್ಣಗಾಗುತ್ತದೆ. ಎದುರು ಮನೆಯ ಸೊಸೆಗೆ ಮಾತ್ರ ಯಾವ ಕಾಕಾದರೂ ಒಂದೇ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಆಕೆ ಹೊಡೆಯುವ ಸ್ಮ್ಯಾಶಿಗೆ ನಾವು ಮೂವರೂ ಹೆದರುತ್ತೇವೆ.

ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಕ್ ಗೆರೆಯ ಒಳಗೆ ಬಿತ್ತೋ ಹೊರಗೋ ಎಂಬ ಜಗಳದ ಹೊತ್ತನ್ನು ಕಳೆದರೂ ನಮ್ಮ ಲೆಕ್ಕ ಸರಿಹೋಗುತ್ತದೆ. ಜಗಳವನ್ನೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ವಾದ. ಮಾರನೆಯ ದಿನ ಬರುವುದೇ ಅದನ್ನು ಮುಂದುವರಿಸಲು.

ಇಂಥ ಅಂಗಳಕ್ಕೆ ಭರವಸೆ ಇರುವುದಿಲ್ಲ ನಿಜ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಆಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಅಲ್ಲಿ ಮದುವೆ ಮುಗಿದರೆ ಹಾಲು ಮತ್ತೆ ಖಾಲಿ. ನಮ್ಮ ಸೈಟಿನಲ್ಲಿ ಮನೆ ಎದ್ದರೆ ಎದ್ದಂತೆಯೇ.

ಮೊನ್ನೆ ಸೈಟಿನ ಯಜಮಾನರು ಮೇಸ್ತ್ರಿಯನ್ನು ಕರೆದುಕೊಂಡು ಬಂದು ಟೇಪು ಹಿಡಿದರು. ಶ್ರಾವಣಕ್ಕೆ ಗುದ್ದಲಿ ಪೂಜೆಯಂತೆ. ರಾಯರು ಅವರಿಗೆ ಕಾಫಿ ಕೊಡಿಸಿ, ಪಾಯದ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ನಿಮಗೆ ಶಟ್ಲ್ ಆಡೋ ಅಭ್ಯಾಸ ಇದೆಯಾ ಸಾರ್? ಹಿಂದಿನ ಬೀದೀಲಿ ಇನ್ನೊಂದು ಸೈಟು ನೋಡಿಟ್ಟಿದ್ದೀವಿ."