ಕರವಸ್ತ್ರ

ಯಾದಗಿರಿಯ ರೈಲು ನಿಲ್ದಾಣದಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವನವರು, ಯಾರೋ ಪ್ರಯಾಣಿಕರು ಮರೆತುಹೋದ ಇಂಗ್ಲಿಷ್ ಪುಸ್ತಕವೊಂದನ್ನು, ಬೇಸಗೆಯ ರಜೆಯಲ್ಲಿ ಭೀಮೆಯನ್ನು ದಾಟಿ ಸುರಪುರಕ್ಕೆ ಹೊರಟ ಚಕ್ಕಡಿಯಲ್ಲಿ ಕನ್ನಡಿಸುತ್ತ ನನಗೆ ಓದಿಹೇಳಿದರು. ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡುವ ಆ ಕಥೆಯನ್ನು ಫ್ರಾನ್ಸಿನ ಜೂಲ್ಸ್ ವೆರ್ನ್ ಪುಸ್ತಕವಾಗಿಸಿದ್ದು 1873ರಲ್ಲಿ. ಶಹಾಪುರದ ಬೆಟ್ಟವು, ಜನ ಹೇಳುವಂತೆ ಅಂಗಾತ ಮಲಗಿದ ಬುದ್ಧನಾಗಿ, ದಿಗಂತದಲ್ಲಿ ಕಾಣಿಸಿಕೊಳ್ಳುವ ವೇಳೆಗೆ ಕಥಾನಾಯಕನು ಮುಂಬಯಿಯನ್ನು ಬಿಟ್ಟಿದ್ದನು. ಕಾಳಿಯ ಹೆಸರಿನಲ್ಲಿ ಕೊರಳು ಬಿಗಿಯುವ ಠಗರ ಪ್ರಸ್ತಾಪವೂ, ವಿಧವೆಯನ್ನು ಚಿತೆಗೊಯ್ಯುವ ಜನಜಂಗುಳಿಯೂ ಬಂದುಹೋಗಿದ್ದುವು. ಆ ಜಂಗುಳಿಯಲ್ಲಿ ಒಬ್ಬನಿಗೂ ಹೆಸರಿರಲಿಲ್ಲ; ಹೆಸರು ಪಡೆದು ಬದುಕಿದ ಔದಾ ಎಂಬ ಆ ವಿಧವೆಯಾದರೋ ಯುರೋಪಿನವಳಷ್ಟೇ ಬೆಳ್ಳಗಿದ್ದಳು. ಅದಾವುದೂ ಆಗ ನನಗೆ ಹೊಳೆಯಲಿಲ್ಲ.

ಸುರಪುರದಲ್ಲಿ ಆಟ ಹೂಡಿದೆವು. ಕಥೆ ಬಲ್ಲವನಾದುದರಿಂದ ಫ್ರೆಂಚ್ ಸೇವಕ ಪಾಸ್‌ಪಾರ್ಟೂ ನಾನೇ. ನನಗಿಂತ ಕಪ್ಪಗಿದ್ದ ಬೇಡರ ಓಣಿಯ ಗೆಳೆಯನ ಕೈಗೆ ಮಾವನ ಕರವಸ್ತ್ರವನ್ನು ಕೊಟ್ಟು ಠಗನನ್ನಾಗಿ ಮಾಡಿದೆನು.

ಅಜ್ಜಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಅವಳ ಅಜ್ಜ ಅರಮನೆಯ ದಫ್ತರದಲ್ಲಿ ಕಾರಕೂನನಾಗಿದ್ದವನು. ಬೇಡ ಕುಲದ ಬಾಲರಾಜ ವೆಂಕಟಪ್ಪ ನಾಯಕನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದುದೂ, ಅದೇ ರಾಜನು 1858ರಲ್ಲಿ ಬ್ರಿಟಿಷರ ಮೇಲೆ ದಂಗೆಯೆದ್ದು, ಸೆರೆಸಿಕ್ಕಿ, ಸೆರೆಯಲ್ಲಿಯೇ ಗುಂಡಿನಿಂದ ಮಡಿದುದೂ ನಮ್ಮ ಮನೆಯಲ್ಲಿ ನಿನ್ನೆಯ ಸುದ್ದಿಯೆಂಬಂತೆ ಹೇಳಲ್ಪಡುತ್ತಿದ್ದುವು. 1841ರಲ್ಲಿ ಇಲ್ಲಿಗೆ ಬಂದು ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ ಆ ಟೇಲರನೇ ಎರಡು ವರ್ಷ ಮೊದಲು, 1839ರಲ್ಲಿ, ‘ಠಗನೊಬ್ಬನ ತಪ್ಪೊಪ್ಪಿಗೆ’ ಎಂಬ ಕಾದಂಬರಿಯನ್ನು ಪ್ರಕಟಿಸಿ ಆ ಕರವಸ್ತ್ರದ ಕೊಲೆಗಾರನನ್ನು ಯುರೋಪಿನ ಓದುಗರಿಗೆ ಮನೆಮಾತಾಗಿಸಿದವನೆಂಬುದು ನನಗೆ ತಿಳಿದದ್ದು ತಲೆ ನರೆತ ಮೇಲೆ. ಸುರಪುರದ ಅಪ್ಪನು ಮೊದಲೇ ಹೆತ್ತಿಟ್ಟ ಠಗನು ವಿಲಾಯತಿಯ ಮಕ್ಕಳನ್ನೆಲ್ಲ ಹೆದರಿಸಿ, ರೈಲಿನಲ್ಲಿ ಯಾದಗಿರಿಗಿಳಿದು, ನಮ್ಮದೇ ಅಂಗಳಕ್ಕೆ ಮರಳಿ ಬಂದಿದ್ದನೆಂದರೆ ನಗಬೇಕೋ ಅಳಬೇಕೋ!

ಅಜ್ಜಿ ಕೇಳಿದಳು: “ಆಟದಾಗ ಇವನ ಹೆಸರೇನದ?”

“ಠಗ.”

“ಅದು ಕಸಬು. ನಾ ಹೆಸರು ಕೇಳೀನಿ.”

ನಾನು ಪುಸ್ತಕದ ಹಾಳೆಗಳನ್ನು ತಿರುವಿದೆನು. ಅಷ್ಟರಲ್ಲಿ ಅವಳು ಎದ್ದು, ಗೆಳೆಯನ ಕೈಯಿಂದ ಕರವಸ್ತ್ರವನ್ನು ಬಿಡಿಸಿಕೊಂಡು, ಎರಡು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿಯನ್ನು ಅದರಲ್ಲಿ ಗಂಟು ಕಟ್ಟಿ, ಅವನ ಕೈಗೇ ಹಿಂದಿರುಗಿಸಿದಳು. ಮಾವನ ಕರವಸ್ತ್ರ ಮತ್ತೆ ಮನೆಗೆ ಬರಲಿಲ್ಲ.