ಕೊಟ್ಟದ್ದೋ, ತೆಗೆದುಕೊಂಡದ್ದೋ?

ಅಚೌರ್ಯಾಣುವ್ರತವೆಂದೊಡನೆ ಶ್ರಾವಕರ ಮನಸ್ಸಿಗೆ ಬರುವುದು ತಕ್ಕಡಿ, ಅಳತೆಗೋಲು, ಲೆಕ್ಕದ ಪುಸ್ತಕಗಳು. ಸ್ತ್ರೀಪುರುಷರ ಸಂಬಂಧದ ಪ್ರಶ್ನೆ ಎದ್ದಾಗ ಸ್ವದಾರಸಂತೋಷವ್ರತವನ್ನು ಮಾತ್ರ ನೆನೆದು, ಅಚೌರ್ಯವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ವಾಡಿಕೆ. ಆದರೆ ಉಮಾಸ್ವಾತಿ ಆಚಾರ್ಯರು ಕಳವನ್ನು ನಿರೂಪಿಸಲು ಆಯ್ದ ಮಾತು ‘ಅದತ್ತಾದಾನ’; ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಅದನ್ನು ದ್ರವ್ಯಕ್ಕೆ ಅನ್ವಯಿಸುವುದು ರೂಢಿಯಾದರೂ ಆ ಮಾತಿನೊಳಗೆ ಹಣದ ಹೆಸರಿಲ್ಲ.

ಅರಸೀಕೆರೆಯಲ್ಲಿ ಒಬ್ಬ ಲೆಕ್ಕಪರಿಶೋಧಕರಿದ್ದಾರೆಂದು ಭಾವಿಸಬಹುದು. ವಯಸ್ಸು ನಲವತ್ತಾರು, ಪತ್ನಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಕೊಬ್ಬರಿ ವರ್ತಕರ ಲೆಕ್ಕಗಳೆಲ್ಲ ಅವರಲ್ಲಿಗೇ ಬರುತ್ತವೆ. ಬಸದಿಯ ಕಾರ್ಯಗಳಿಗೆ ಕೈಬಿಚ್ಚಿ ಕೊಡುವವರು. ಅವರ ಕಚೇರಿಗೆ ಇಪ್ಪತ್ತೆರಡರ ಯುವತಿಯೊಬ್ಬಳು ಆರ್ಟಿಕಲ್‌ಶಿಪ್ ತರಬೇತಿಗೆ ಬಂದಿದ್ದಾಳೆ. ಬೇಲೂರಿನಲ್ಲಿ ಒಬ್ಬ ವ್ಯಾಪಾರಿಯ ಲೆಕ್ಕ ನೋಡಿ ಹಿಂದಿರುಗುವಾಗ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಕಾರು ನಿಲ್ಲುತ್ತದೆ. 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ಸ್ಮರಣೆಗಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿ. ನವರಂಗದ ಕಂಬಗಳು ಕನ್ನಡಿಯಂತೆ ನುಣುಪಾದವು. ಎದುರು ನಿಂತವರ ಪ್ರತಿಬಿಂಬ ನಿಂತ ಜಾಗಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ದರ್ಶನ ಮುಗಿಸಿ ಹೊರಬಂದ ಮೇಲೆ, ಜಾವಗಲ್ ದಾಟುವ ಮೊದಲೇ ಆತ ತನ್ನ ಮನಸ್ಸನ್ನು ತಿಳಿಸುತ್ತಾನೆ. ಮಾತು ಸಭ್ಯ, ಭಾವನೆ ಪ್ರಾಮಾಣಿಕ, ಮದುವೆಯ ಪ್ರಸ್ತಾಪವೂ ಉಂಟು. ಆಕೆ ತಲೆತಗ್ಗಿಸಿ, “ಆಗಲಿ ಸರ್” ಎನ್ನುತ್ತಾಳೆ.

ಇಲ್ಲಿ ತಪ್ಪೇನು? ಆಕೆ ಪ್ರಾಪ್ತವಯಸ್ಕಳು, ಆತ ವಿಧುರ, ಸ್ವದಾರಸಂತೋಷಕ್ಕೂ ಭಂಗವಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಅಂತರವನ್ನು ಕಂಡು ಊರು ನಗಬಹುದು. ಊರಿನ ನಗೆ ಧರ್ಮದ ಪ್ರಮಾಣವಲ್ಲ.

ಆದರೆ ಆಕೆಯ ತರಬೇತಿಯ ಲೆಕ್ಕ ಬೇರೆಯೇ ಇದೆ. ಹಿಂದೆ ಮೂರು ವರ್ಷಗಳಿದ್ದ ಈ ತರಬೇತಿಯನ್ನು 2023ರ ಜುಲೈಯಿಂದ ಎರಡು ವರ್ಷಕ್ಕೆ ಇಳಿಸಲಾಯಿತು. ಅವಧಿ ಎಷ್ಟೇ ಇರಲಿ, ಮುಗಿಯಿತೆಂದು ಸಹಿ ಹಾಕಬೇಕಾದವರು ಅವರೇ. ಬೇರೊಬ್ಬರ ಬಳಿಗೆ ಹೋಗಬೇಕೆಂದರೂ ಅವರದೇ ಸಹಿ. ಅಲ್ಲದೆ ಆಕೆಯ ತಂದೆಯೂ ಅದೇ ಜಿನಾಲಯಕ್ಕೆ ಬರುವವರು, ಆ ದಾನಿಗೆ ದೂರದಿಂದಲೇ ಕೈಮುಗಿಯುವವರು. ಇಷ್ಟೆಲ್ಲ ಭಾರದ ಕೆಳಗಿನಿಂದ ಹೊರಟ “ಆಗಲಿ” ಎಂಬುದು ದತ್ತವೋ, ಅದತ್ತವೋ? ಕಷ್ಟವೆಂದರೆ, ಆ ಕ್ಷಣದಲ್ಲಿ ಆಕೆಗೂ ಅದು ತಿಳಿಯದಿರಬಹುದು.

ಜಗತ್ತೆಲ್ಲ ಅರಿತ ಒಂದು ನಿದರ್ಶನವಿದೆ. 1995ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ನರಿಗೆ ನಲವತ್ತೊಂಬತ್ತು. ಶ್ವೇತಭವನಕ್ಕೆ ತರಬೇತಿಗೆ ಬಂದಿದ್ದ ಮೋನಿಕಾ ಲೆವಿನ್ಸ್ಕಿಗೆ ಇಪ್ಪತ್ತೆರಡು. ಅಧ್ಯಕ್ಷರು ವಿವಾಹಿತರು, ಆ ದೋಷ ಬೇರೆ. 1998ರಲ್ಲಿ ಸಂಗತಿ ಬಯಲಾದಾಗ ನಗೆಪಾಟಲಾದವಳು ಹೆಚ್ಚಾಗಿ ಆಕೆಯೇ. ಅಧ್ಯಕ್ಷರು ಮಹಾಭಿಯೋಗವನ್ನು ಎದುರಿಸಿಯೂ ಪದವಿಯಲ್ಲಿ ಉಳಿದರು. ಅದು ಪರಸ್ಪರ ಸಮ್ಮತಿಯಿಂದ ನಡೆದದ್ದೆಂದು ಆಕೆ 2014ರಲ್ಲಿಯೂ ಬರೆದಳು. 2018ರಲ್ಲಿ ಮಾತ್ರ, ಅಷ್ಟು ದೊಡ್ಡ ಅಧಿಕಾರದ ಎದುರಿನಲ್ಲಿ ಸಮ್ಮತಿ ಎಂಬ ಮಾತಿಗೆ ಅರ್ಥ ಉಳಿದಿತ್ತೇ ಎಂದು ತನ್ನನ್ನೇ ಪ್ರಶ್ನಿಸಿಕೊಂಡಳು. ಕೊಟ್ಟೆನೋ ಇಲ್ಲವೋ ಎಂಬ ಸಂದೇಹ ಮೂಡಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಭಾರತದ 2013ರ ಕಾಯಿದೆ ಉದ್ಯೋಗಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯಲು ಬಂದದ್ದು. ತರಬೇತಿಯವರನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆದರೆ ಕಾಯಿದೆ ಕೇಳುವುದು, ನಡೆದದ್ದು ಆಕೆಗೆ ಬೇಡವಾಗಿತ್ತೇ ಎಂದು. “ಆಗಲಿ” ಎಂದವಳ ವಿಷಯದಲ್ಲಿ ಅದರ ಕೈ ಬಹುಮಟ್ಟಿಗೆ ಕಟ್ಟಿದಂತೆ. ವ್ರತದ ಪ್ರಶ್ನೆ ಆಕೆಗಲ್ಲ, ಆತನಿಗೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯನ್ನು ಓದಿದವರು ಅಮೃತಮತಿಯ ಮನಸ್ಸನ್ನು ಎಷ್ಟೋ ಬಗೆಯಲ್ಲಿ ವಿಮರ್ಶಿಸಿದ್ದಾರೆ. ಆಕೆ ಮೆಚ್ಚಿದ ಮಾವುತ ಅರಮನೆಯ ಆಳು. ರಾಣಿಗೆ ಒಲ್ಲೆನೆನ್ನಲು ಅವನಿಗೆ ಸಾಧ್ಯವಿತ್ತೇ ಎಂದು ಕೇಳುವವರು ವಿರಳ. ಜನ್ನನ ಮಾವುತನೇನೋ ಅಂಜುಬುರುಕನಲ್ಲ, ತಡವಾಗಿ ಬಂದ ರಾಣಿಯನ್ನೇ ಹೊಡೆಯುವವನು. ಕಾವ್ಯದ ಹೊರಗಿನ ಆಳುಗಳಿಗೆ ಅಂಥ ಎದೆ ಇರುವುದಿಲ್ಲ.

ಹಾಗಾದರೆ ನಲವತ್ತಾರರ ಆ ಸದ್ಗೃಹಸ್ಥರು ತಮ್ಮ ಮನಸ್ಸನ್ನು ಏನು ಮಾಡಬೇಕು? ಅದನ್ನು ಪಾಪವೆಂದು ಹಳಿಯಬೇಕಾಗಿಲ್ಲ. ಜಾವಗಲ್ಲಿನ ದಾರಿಯಲ್ಲಿ ಬಾಯಿ ತೆರೆಯದೆ, ಅರಸೀಕೆರೆಗೆ ಬಂದು, ಮೇಜಿನ ಖಾನೆಯಲ್ಲಿರುವ ಕಾಗದವನ್ನು ಹೊರತೆಗೆಯಬಹುದಿತ್ತು. ಹಾಸನದಲ್ಲಿಯೋ ತಿಪಟೂರಿನಲ್ಲಿಯೋ ಬೇರೊಬ್ಬ ಲೆಕ್ಕಪರಿಶೋಧಕರನ್ನು ಗೊತ್ತುಮಾಡಿ, ಆಕೆಗೂ ಅದು ಒಪ್ಪಿಗೆಯಾದರೆ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಬಹುದಿತ್ತು. ಇಲ್ಲವಾದರೆ ಅವಧಿ ಮುಗಿಯುವವರೆಗೆ ಕಾಯಬಹುದಿತ್ತು. ಆಕೆಯ ತೇರ್ಗಡೆಗೂ ತಮ್ಮ ಇಷ್ಟಕ್ಕೂ ನಂಟಿಲ್ಲವಾದ ದಿನ, ಹಿರಿಯರ ಮೂಲಕ ಆಕೆಯ ಮನೆಗೆ ಹೇಳಿಕಳುಹಿಸಬಹುದಿತ್ತು. ಆಗ ಆಕೆ “ಬೇಡ” ಎಂದರೂ ಎನ್ನಬಹುದು. ಎಂದರೆ, ಮರುದಿನ ಜಿನಾಲಯದ ಬಾಗಿಲಲ್ಲಿ ಎದುರಾದಾಗ ಆಕೆಯ ತಂದೆಗೆ ಮೊದಲು ಕೈಮುಗಿಯಬೇಕಾದವರು ಅವರು.