ಮುಳ್ಳು ತೆಗೆಯುವ ಬಾಲಕ

ರೋಮ್ ನಗರದ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಎತ್ತರ 73 ಸೆಂಟಿಮೀಟರ್ ಮಾತ್ರ. ಬಂಡೆಯ ಮೇಲೆ ಕುಳಿತ ಬಾಲಕನೊಬ್ಬನು ಎಡಗಾಲನ್ನು ಬಲಮೊಣಕಾಲಿನ ಮೇಲಿರಿಸಿಕೊಂಡು ಅಂಗಾಲಿನ ಮುಳ್ಳನ್ನು ತೆಗೆಯುತ್ತಿದ್ದಾನೆ. ಕೊರಳು ಬಾಗಿದೆ; ದೃಷ್ಟಿ ಅಂಗಾಲಿನಲ್ಲಿ ನೆಲೆಸಿದೆ. ಕ್ರಿ.ಪೂ. 1ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಕೃತಿಯನ್ನು 1471ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್‌ಟಸ್ ಅವರು ರೋಮಿನ ಜನತೆಗೆ ಒಪ್ಪಿಸಿದರು. ನೆಪೋಲಿಯನ್ನನ ಕಾಲದಲ್ಲಿ ಪ್ಯಾರಿಸ್ಸಿಗೆ ಸಾಗಿಸಲ್ಪಟ್ಟ ಇದು ಅವನ ಪತನಾನಂತರ ಸ್ವಸ್ಥಾನಕ್ಕೆ ಮರಳಿತು.

ದೇವತೆಯಲ್ಲದ, ಅರಸನಲ್ಲದ ಈ ಬಾಲಕನನ್ನು ಕಂಚಿನಲ್ಲಿ ಎರಕ ಹೊಯ್ದುದೇಕೆ? ಈ ಪ್ರಶ್ನೆ ಹಿಂದಿನವರನ್ನೂ ಕಾಡಿತು. ಒಂದು ಕಥೆ ಹುಟ್ಟಿತು. ಸೆನೆಟ್ ಸಭೆಗೆ ಸಂದೇಶ ತಂದ ಕುರಿಗಾಹಿ ಹುಡುಗನು ಅದನ್ನು ಒಪ್ಪಿಸಿದ ಮೇಲೆಯೇ ಕಾಲಿನ ಮುಳ್ಳನ್ನು ನೆನೆದನಂತೆ. ಅದರಿಂದ 'ನಿಷ್ಠಾವಂತ' ಎಂಬ ಹೆಸರೂ ಬಂತು. ಕಾಯಕವನ್ನು ಪೂಜಿಸುವ ನಮಗೆ ಈ ಕಥೆ ಪ್ರಿಯವೆನಿಸುವುದು ಸಹಜ. ಆದರೆ ಇದು ತರುವಾಯ ಕಟ್ಟಿದ ಕಥೆ. ಸಾಮಾನ್ಯ ಕ್ಷಣಕ್ಕೆ ಸಾಹಸದ ಕಿರೀಟ ತೊಡಿಸದೆ ಲೋಕಕ್ಕೆ ಸಮಾಧಾನವಿಲ್ಲ. ಬಾಲಕನ ಮುಖದಲ್ಲಾದರೋ ಹೆಮ್ಮೆಯಿಲ್ಲ, ನೋವಿನ ಪ್ರದರ್ಶನವೂ ಇಲ್ಲ. ತನ್ನನ್ನು ಯಾರಾದರೂ ನೋಡುತ್ತಿರುವರೆಂಬ ಅರಿವೇ ಅವನಿಗಿಲ್ಲ.

ಮಠದಲ್ಲಿ ಓದುತ್ತಿದ್ದಾಗ ಪತ್ರೆ ತರಲು ಬರಿಗಾಲಿನಲ್ಲಿ ಹೋಗುತ್ತಿದ್ದ ನಮಗೆ ಜಾಲಿಯ ಮುಳ್ಳು ಚಿರಪರಿಚಿತ. ಮುಳ್ಳು ತೆಗೆಯುವಾಗ ಮನಸ್ಸು ಅತ್ತಿತ್ತ ಹರಿಯದು, ಉಸಿರೂ ಮೆಲ್ಲಗಾಗುತ್ತದೆ. ಯಾರೂ ಕಲಿಸದ ಏಕಾಗ್ರತೆಯದು. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತಾಗ ನಾವು ಬೇಡುವುದೂ ಅದನ್ನೇ. ಶರಣರು ನಮಗೆ ಕೊಟ್ಟ ಪೂಜೆ ಅತ್ಯಂತ ಏಕಾಂತದ್ದು. ನಡುವೆ ಪೂಜಾರಿಯಿಲ್ಲ, ಎದುರಿಗೆ ಪ್ರೇಕ್ಷಕರಿಲ್ಲ. ಅಂಗೈ, ಲಿಂಗ, ಕಣ್ಣು, ಇಷ್ಟೇ.

ಇಂದು ಪೂಜೆಯೂ ದಾಸೋಹವೂ ಛಾಯಾಚಿತ್ರಕ್ಕೆ ಅಣಿಯಾಗಿ ನಡೆಯುವುದನ್ನು ಕಾಣುತ್ತಿದ್ದೇವೆ. ಮೊಬೈಲ್ ಫೋನಿನ ಕಡೆ ಮುಖ ತಿರುಗಿದೊಡನೆ ಲಿಂಗದ ಮೇಲಿನ ದೃಷ್ಟಿ ಜಾರುತ್ತದೆ. ನೋಡುವವರಿಗಾಗಿ ಮಾಡಿದ ಪೂಜೆ ನೋಡುವವರಿಗೇ ಸಲ್ಲುತ್ತದೆ. ಬಡವನ ಎಲೆಗೆ ಬಡಿಸುವಾಗ ಚಿತ್ರ ತೆಗೆದರೆ, ಉಣ್ಣುವವನ ತಲೆ ತಗ್ಗುತ್ತದೆ. ಮಕ್ಕಳು ನಮ್ಮಿಂದ ಕಲಿಯುವುದು ಇದನ್ನೇ ಎಂಬುದು ನನ್ನ ಚಿಂತೆ.

ಆದ್ದರಿಂದ ಪ್ರತಿ ಮನೆಯಲ್ಲಿಯೂ ಯಾರಿಗೂ ತೋರಿಸದ ಒಂದು ಗಳಿಗೆ ಉಳಿಯಲಿ. ತಾಯಿ ಲಿಂಗಪೂಜೆಗೆ ಕುಳಿತಿರುವುದನ್ನು ಮಗು ಬಾಗಿಲ ಮರೆಯಿಂದ ತಾನಾಗಿಯೇ ಕಾಣಲಿ. ಎರಡು ಸಾವಿರ ವರ್ಷಗಳಿಂದ ಜನರು ಸುತ್ತ ನೆರೆದು ನೋಡುತ್ತಿದ್ದರೂ ಆ ಕಂಚಿನ ಬಾಲಕನು ಇನ್ನೂ ತಲೆಯೆತ್ತಿಲ್ಲ.